ರಸ್ತೆ ಇನ್ಸ್‌ಪೆಕ್ಟರ್ ಕಟ್ಟಿದ ಗುಜರಿ ಸಾಮ್ರಾಜ್ಯ: ಚಂಡೀಗಢದ ರಾಕ್ ಗಾರ್ಡನ್‌ಗೆ ಒಂದು ದಿನದ ಭೇಟಿ

ಗುಜರಿ ಸಾಮಾನಿನಿಂದ ಮಾಡಿದ ಬಯಲು ಶಿಲ್ಪಗಳನ್ನು ನೋಡಲೆಂದೇ ಒಂದು ದಿನವನ್ನು ಮೀಸಲಿಡಬೇಕೆಂದಿರುವ ದೆಹಲಿಯ ಕನ್ನಡಿಗರಿಗೆ, ಅಥವಾ ಊರಿನಿಂದ ಉತ್ತರ ಭಾರತದ ಪ್ರವಾಸಕ್ಕೆ ಬಂದು ಒಂದು ದಿನದ ಬಿಡುವು ಉಳಿಸಿಕೊಂಡವರಿಗೆ, ಎಲ್ಲರೂ ಮೊದಲು ಹೇಳುವ ಜಾಗ ಸರಾಯ್ ಕಾಲೇ ಖಾನ್ ಬಳಿಯ ‘ವೇಸ್ಟ್ ಟು ವಂಡರ್’ ಉದ್ಯಾನ. 2019ರ ಫೆಬ್ರುವರಿಯಲ್ಲಿ ತೆರೆದ ಈ ಉದ್ಯಾನದಲ್ಲಿ ಸುಮಾರು 150 ಟನ್ ಗುಜರಿಯಿಂದ ತಾಜಮಹಲು, ಐಫೆಲ್ ಗೋಪುರ, ಪೀಸಾದ ವಾಲುಗೋಪುರ ಮೊದಲಾದ ಏಳು ಅದ್ಭುತಗಳ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ನೋಡಬಾರದ್ದೇನಲ್ಲ, ಸಂಜೆ ದೀಪ ಹೊತ್ತಿಸಿದ ಮೇಲಂತೂ ಮಕ್ಕಳಿಗೆ ಬಹಳ ಖುಷಿಯಾಗುತ್ತದೆ. ಆದರೆ ಅಲ್ಲಿ ಗುಜರಿಯು ಬೇರೊಂದರ ವೇಷ ತೊಟ್ಟು ನಿಂತಿದೆ. ದೂರದಿಂದ ಅದು ಗುಜರಿಯೆಂದು ಗೊತ್ತಾಗದಿದ್ದಷ್ಟೂ ಕೆಲಸ ಚೆನ್ನಾಗಿದೆ ಎಂದು ಅರ್ಥ. ಗುಜರಿ ಗುಜರಿಯಾಗಿಯೇ ಉಳಿದು ಶಿಲ್ಪವಾಗುವುದನ್ನು ನೋಡಬೇಕೆಂದರೆ ಬೆಳಗಿನ ಶತಾಬ್ದಿ ಹತ್ತಿ, ಸುಮಾರು ಮೂರೂವರೆ ಗಂಟೆ ಪ್ರಯಾಣ ಮಾಡಿ, ಚಂಡೀಗಢದಲ್ಲಿ ನೇಕ್ ಚಂದ್ ಅವರು ಕಟ್ಟಿದ ರಾಕ್ ಗಾರ್ಡನ್‌ಗೆ ಹೋಗಬೇಕು. ನನ್ನ ಶಿಫಾರಸು ನಿಸ್ಸಂಕೋಚವಾಗಿ ಅದಕ್ಕೇ, ಆದರೆ ಅಲ್ಲಿ ಸಮಯವನ್ನು ಎಲ್ಲಿ ಕಳೆಯಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಸಾಮಾನ್ಯ ಪ್ರವಾಸಿ ಕೈಪಿಡಿಗಳ ಅಭಿಪ್ರಾಯಕ್ಕಿಂತ ಬೇರೆಯಾಗಿದೆ.

ಗಾರ್ಡನ್ ಇರುವುದು ಸೆಕ್ಟರ್ 1ರಲ್ಲಿ, ನಗರದ ನಕ್ಷೆ ರೂಪಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ವಿನ್ಯಾಸಗೊಳಿಸಿದ, ವಿಧಾನಸಭೆ, ಸಚಿವಾಲಯ, ಹೈಕೋರ್ಟುಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೂ ಸುಖನಾ ಕೆರೆಗೂ ನಡುವೆ. ಈ ನೆರೆಹೊರೆಯೇ ಒಂದು ಸ್ವಾರಸ್ಯ. ಚಂಡೀಗಢಕ್ಕೆಂದು ಕಾರ್ಬೂಸಿಯೇ ಬರೆದಿಟ್ಟ ಶಾಸನದಲ್ಲಿ, ಈ ನಗರದಲ್ಲಾಗಲಿ ಇಲ್ಲಿನ ಉದ್ಯಾನಗಳಲ್ಲಾಗಲಿ ವ್ಯಕ್ತಿಗಳ ಪ್ರತಿಮೆಯನ್ನು ನಿಲ್ಲಿಸಕೂಡದು ಎಂಬ ನಿಯಮವಿದೆ. ಅದೇ ನಗರದ ಅಂಚಿನ ಕಾಡಿನಲ್ಲಿ, ಅದೇ ವರ್ಷಗಳಲ್ಲಿ, ಲೋಕೋಪಯೋಗಿ ಇಲಾಖೆಯ ಒಬ್ಬ ರಸ್ತೆ ಇನ್ಸ್‌ಪೆಕ್ಟರ್ ಯಾರಿಗೂ ಹೇಳದೆ ನೂರಾರು ಪ್ರತಿಮೆಗಳನ್ನು ನಿಲ್ಲಿಸುತ್ತಿದ್ದರು. ಅವುಗಳಲ್ಲಿ ಒಂದಕ್ಕೂ ಹೆಸರಿಲ್ಲದ ಕಾರಣ ನಿಯಮ ಮುರಿಯಿತೆಂದು ಹೇಳುವುದೂ ಕಷ್ಟ.

ನೇಕ್ ಚಂದ್ ಅವರು ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಶಕರ್‌ಗಢ ಪ್ರದೇಶದ ಹಳ್ಳಿಯೊಂದರಲ್ಲಿ. ದೇಶವಿಭಜನೆಯ ಕಾಲದಲ್ಲಿ ಕುಟುಂಬ ಗಡಿ ದಾಟಿ ಬಂತು. 1951ರಲ್ಲಿ ಅವರಿಗೆ ರಸ್ತೆ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. ಹೊಸ ರಾಜಧಾನಿಗಾಗಿ ಹಳೆಯ ಹಳ್ಳಿಗಳನ್ನು ಕೆಡವುತ್ತಿದ್ದ ಕಾಲ ಅದು. ಕೆಡವಿದ ಮನೆಗಳ ಅವಶೇಷ, ಒಡೆದ ಮಡಕೆ, ಕಟ್ಟಡ ಕೆಲಸದಲ್ಲಿ ಉಳಿದದ್ದು, ಕಾರ್ಖಾನೆಯವರು ಬಿಸಾಡಿದ್ದು, ಶಿವಾಲಿಕ್ ಬೆಟ್ಟದ ಬುಡದ ಹೊಳೆಗಳಲ್ಲಿ ಸಿಕ್ಕ ವಿಚಿತ್ರ ಆಕಾರದ ಕಲ್ಲು, ಹೀಗೆ ಕಂಡದ್ದನ್ನೆಲ್ಲ ಸೈಕಲ್ಲಿನ ಮೇಲೆ ಹೇರಿಕೊಂಡು, ಯಾರೂ ಕಟ್ಟಡ ಕಟ್ಟುವಂತಿಲ್ಲದ ಸಂರಕ್ಷಿತ ಅರಣ್ಯದೊಳಗಿನ ಒಂದು ಗುಡಿಸಲಿಗೆ ಅವರು ಸಾಗಿಸುತ್ತಿದ್ದರು. ಕಚೇರಿ ಕೆಲಸ ಮುಗಿದ ಮೇಲೆ, ರಾತ್ರಿಯ ಹೊತ್ತು, ಹಳೆಯ ಟೈರುಗಳನ್ನು ಸುಟ್ಟ ಬೆಳಕಿನಲ್ಲಿ ಕೆಲಸ ನಡೆಯುತ್ತಿತ್ತೆಂದು ಹೇಳುತ್ತಾರೆ. 1970ರ ದಶಕದ ನಡುವಿನಲ್ಲಿ ಸರ್ಕಾರದ ಕಣ್ಣಿಗೆ ಬೀಳುವ ವೇಳೆಗೆ ಅಂಗಳಕ್ಕೆ ಅಂಗಳ ಕೂಡಿಕೊಂಡು ಅದು ಸುಮಾರು 12 ಎಕರೆಗೆ ಹಬ್ಬಿತ್ತು. ಕಾನೂನಿನ ಪ್ರಕಾರ ಬುಲ್ಡೋಜರ್ ಬರಬೇಕಿತ್ತು. ಜನ ನೇಕ್ ಚಂದ್ ಅವರ ಪರ ನಿಂತರು. 1976ರಲ್ಲಿ ಗಾರ್ಡನ್ ಸಾರ್ವಜನಿಕರಿಗೆ ತೆರೆಯಿತು. ಅದನ್ನು ಮುಂದುವರಿಸುವುದಕ್ಕಾಗಿಯೇ ಅವರಿಗೆ ಸಂಬಳ, ಹುದ್ದೆ ಮತ್ತು 50 ಕೆಲಸಗಾರರು ದೊರೆತರು. 1984ರಲ್ಲಿ ಪದ್ಮಶ್ರೀಯೂ ಬಂತು. ಅಕ್ರಮ ಸಕ್ರಮದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಓದಿ ಬೇಸತ್ತಿರುವ ನಮಗೆ, ಇಷ್ಟು ಸಂತೋಷ ಕೊಡುವ ಸಕ್ರಮ ಇನ್ನೊಂದು ನೆನಪಾಗುವುದಿಲ್ಲ.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಗಾರ್ಡನ್ ಒಳಗೆ ಹೊಕ್ಕ ಕೂಡಲೇ ಕಾಣುವ ಇನ್ನೊಂದು ಸಂಗತಿ: ಇದನ್ನು ಕಟ್ಟಿದವರು ರಸ್ತೆ ಕೆಲಸ ಬಲ್ಲವರು ಎಂಬುದು ಪ್ರತಿ ಗೋಡೆಯಲ್ಲೂ ಓದಿಸಿಕೊಳ್ಳುತ್ತದೆ. ಟಾರಿನ ಡ್ರಮ್ಮುಗಳು ರಸ್ತೆ ಬದಿಯಲ್ಲಿ ಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಅವೇ ಕಾಂಕ್ರೀಟಿನ ಅಚ್ಚುಗಳಾಗಿವೆ, ಮತ್ತು ಡ್ರಮ್ಮಿನ ಮೈಮೇಲಿನ ಬಳೆಯಂಥ ಏಣುಗಳ ಗುರುತು ಕಾಂಕ್ರೀಟಿನ ಮೇಲೆ ಹಾಗೆಯೇ ಉಳಿದಿದೆ. ಒಳಹೋಗುವ ಬಾಗಿಲುಗಳು ಎಷ್ಟು ತಗ್ಗಾಗಿವೆಯೆಂದರೆ ಮಧ್ಯಮ ಎತ್ತರದವರೂ ತಲೆ ಬಾಗಿಸಿಯೇ ನುಸುಳಬೇಕು. ಓಣಿ ತಿರುಗುತ್ತದೆ, ಗೋಡೆ ಅಡ್ಡ ಬರುತ್ತದೆ, ಮುಂದಿನ ಅಂಗಳ ಅದರೊಳಗೆ ಕಾಲಿಡುವ ತನಕ ಕಾಣುವುದಿಲ್ಲ. ಪಕ್ಕದಲ್ಲೇ ಗೆರೆ ಎಳೆದಂತೆ ನೇರವಾಗಿರುವ ನಗರದ ರಸ್ತೆಗಳ ಮೇಲುಸ್ತುವಾರಿ ನೋಡುತ್ತಿದ್ದವರು ತಮಗಾಗಿ ಕಟ್ಟಿಕೊಂಡ ಜಾಗದಲ್ಲಿ ಒಂದಾದರೂ ನೇರ ದಾರಿ ಇಡಲಿಲ್ಲ ಎಂಬುದು ಕಾಕತಾಳೀಯವಾಗಿರಲಾರದು.

ಗಾರ್ಡನ್ ಮೂರು ಹಂತಗಳಲ್ಲಿ ಬೆಳೆದಿದೆ. ಈಗ ಒಟ್ಟು 40 ಎಕರೆಯಷ್ಟಿದೆ. ಮೊದಲ ಹಂತದಲ್ಲಿರುವುದು ಹೆಚ್ಚಾಗಿ ಹೊಳೆಯಿಂದ ಆಯ್ದು ತಂದ ಕಲ್ಲುಗಳು. ನೀರು ಕೊರೆದ ಆಕಾರಕ್ಕೆ ಕೈ ಹಚ್ಚದೆ, ಕೂರಿಸುವ ಜಾಗವನ್ನಷ್ಟೇ ಆರಿಸಿದ್ದಾರೆ. ಬಂದವರಲ್ಲಿ ಬಹುಪಾಲು ಜನ ಇಲ್ಲಿ ನಿಲ್ಲುವುದೇ ಇಲ್ಲ. ಗಾರ್ಡನ್‌ಗೆ ಹೆಸರು ಬಂದದ್ದು ಈ ಭಾಗದಿಂದ ಎಂಬುದನ್ನು ಬಿಟ್ಟರೂ, ಮುಂದೆ ಬರುವ ಶಿಲ್ಪಗಳನ್ನು ಮಾಡಿದವರ ಕಣ್ಣು ಪಳಗಿದ್ದು ಎಲ್ಲಿ ಎಂದು ತಿಳಿಯಲು ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಎರಡನೆಯ ಹಂತವೇ ಈ ಪ್ರಯಾಣದ ಫಲ. ಇಳಿಜಾರಿನ ಮೆಟ್ಟಿಲು ಮೆಟ್ಟಿಲಾದ ಜಗಲಿಗಳ ಮೇಲೆ ಮನುಷ್ಯರು, ಕೋತಿಗಳು, ನವಿಲುಗಳು, ದನಕರುಗಳು ಸಾಲುಗಟ್ಟಿ ನಿಂತಿವೆ: ಕೊಡ ಹೊತ್ತ ಹೆಂಗಸರು, ಕುಣಿಯುವವರು, ಸುಮ್ಮನೆ ನಿಂತು ನಮ್ಮನ್ನೇ ನೋಡುವವರು. ಕಬ್ಬಿಣದ ಸರಳು ಅಥವಾ ಹಳೆಯ ಸೈಕಲ್ಲಿನ ಬಿಡಿಭಾಗಗಳಿಂದ ಎಲುಬಿನ ಗೂಡು ಕಟ್ಟಿ, ಅದಕ್ಕೆ ಸಿಮೆಂಟು ಮರಳಿನ ಗಾರೆ ಮೆತ್ತಿ, ಕೊನೆಗೆ ಬರೀ ಸಿಮೆಂಟಿನ ತೆಳುವಾದ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಪಿಂಗಾಣಿ ಚೂರು, ಗಾಜು, ಕುಲುಮೆಯ ಕಿಟ್ಟ ಇವುಗಳನ್ನು ಕೂರಿಸಿದ್ದಾರೆ. ಸೈಕಲ್ಲಿನ ಸೀಟು ಪ್ರಾಣಿಯ ತಲೆಯಾಗಿದೆ, ಫೋರ್ಕು ಕಾಲಾಗಿದೆ. ಆದರೆ ಅದು ಸೀಟು ಎನ್ನುವುದನ್ನು ಮುಚ್ಚಿಡುವ ಪ್ರಯತ್ನ ಎಲ್ಲೂ ಇಲ್ಲ. ನೋಡಿದ ಕೂಡಲೇ ಪ್ರಾಣಿ, ಎರಡನೆಯ ಸಲ ನೋಡಿದರೆ ಸೈಕಲ್ಲು. ಈ ಎರಡರ ನಡುವೆ ಕಣ್ಣು ಓಡಾಡುವುದೇ ಇಲ್ಲಿನ ಸುಖ.

ಗಾಜಿನ ಬಳೆ ಹೊದ್ದ ಹೆಂಗಸರ ಎದುರು ನಾನು ಬಹಳ ಹೊತ್ತು ನಿಂತೆ. ಬಳೆಯ ಚೂರು ಎಂದರೆ ಒಂದು ಪುಟ್ಟ ಬಾಗು. ಆ ಬಾಗುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿ, ಒಂದರ ಬೆನ್ನಿಗೆ ಒಂದು ತಾಗುವಂತೆ ಒತ್ತಿದ್ದರಿಂದ, ಸಿಮೆಂಟಿನ ಲಂಗಕ್ಕೆ ನಿಜವಾದ ಬಟ್ಟೆಯ ನಿರಿಗೆ ಬಂದಿದೆ. ಹಸಿರು, ಕೆಂಪು, ಹಳದಿ ಬಣ್ಣಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮಾಸಿವೆ. ಕೆಲವು ಕಡೆ ಚೂರು ಉದುರಿಹೋಗಿ ಸಿಮೆಂಟಿನ ಮೇಲೆ ಅದರ ಬಾಗಿದ ಗುಳಿ ಮಾತ್ರ ಉಳಿದಿದೆ. ಬಳೆಚೂರುಗಳನ್ನು ಆರಿಸಿ ಜೋಪಾನ ಮಾಡಿ ಜಗಲಿಯ ಮೇಲೆ ಆಡಿದ ನಮ್ಮ ಕಡೆಯ ಹೆಣ್ಣುಮಕ್ಕಳು ಇದನ್ನು ನೋಡಿದರೆ, ಇದಕ್ಕೆ ಎಷ್ಟು ತಾಳ್ಮೆ ಬೇಕಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಮುಖಗಳು ಮಾತ್ರ ಎಲ್ಲವೂ ಹೆಚ್ಚುಕಡಿಮೆ ಒಂದೇ: ಎರಡು ಕಣ್ಣು, ಒಂದು ಗೀಟಿನಂಥ ಬಾಯಿ. ಅದನ್ನು ಕೊರತೆ ಎನ್ನುವವರಿದ್ದಾರೆ. ಮುಖ ಒಂದೇ ಆದದ್ದರಿಂದಲೇ ಮೈಮೇಲಿನ ಬಳೆ, ಬಸಿ, ಬಟ್ಟಲುಗಳ ಚೂರುಗಳು ಒಬ್ಬೊಬ್ಬರನ್ನೂ ಬೇರೆ ಮಾಡುತ್ತವೆ ಎಂಬುದು ನನ್ನ ವಾದ.

ಮೂರನೆಯ ಹಂತಕ್ಕೆ ಬರುವಾಗ ಲೆಕ್ಕಾಚಾರ ಬದಲಾಗುತ್ತದೆ. ದೊಡ್ಡ ಜಲಪಾತಗಳು, ಎತ್ತರದ ಕಮಾನುಗಳಿಗೆ ತೂಗುಹಾಕಿದ ಉಯ್ಯಾಲೆಗಳು, ಬಯಲು ರಂಗಮಂದಿರ, ಮೀನಿನ ಅಕ್ವೇರಿಯಂ, ತಿಂಡಿ ಅಂಗಡಿಗಳು. ರಜೆಯ ದಿನ ಇಲ್ಲಿ ಜಾತ್ರೆಯೇ ನೆರೆದಿರುತ್ತದೆ. ಪ್ರವಾಸಿ ಕೈಪಿಡಿಗಳು ಈ ಭಾಗವನ್ನೇ ಹೊಗಳುವುದು ಸಹಜ, ಏಕೆಂದರೆ ಫೋಟೋ ಚೆನ್ನಾಗಿ ಬರುವುದು ಇಲ್ಲಿಯೇ. ಸರ್ಕಾರದ ಹಣ ಮತ್ತು ಕೆಲಸಗಾರರು ಸಿಕ್ಕ ಮೇಲೆ ಕೈಯ ಅಳತೆ ದೊಡ್ಡದಾಯಿತು, ಅದರ ಜೊತೆಗೆ ಹಿಂದಿನ ಗುಟ್ಟಿನ ಬಿಗಿಯೂ ಸಡಿಲವಾಯಿತು. ಹಾಗೆಂದು ಬಿಟ್ಟು ಬರುವಂಥದ್ದಲ್ಲ: ಒಡೆದ ಟೈಲು ಮತ್ತು ಸ್ನಾನಗೃಹದ ಪಿಂಗಾಣಿಯಿಂದ ಮಾಡಿದ ಇಲ್ಲಿನ ಗೋಡೆಗಳನ್ನು ಹತ್ತಿರದಿಂದ ನೋಡಬೇಕು, ಮತ್ತು ಮಕ್ಕಳಿದ್ದರೆ ಉಯ್ಯಾಲೆಯಿಂದ ಅವರನ್ನು ಎಬ್ಬಿಸುವುದಕ್ಕೆ ಸಮಯ ಎತ್ತಿಡಬೇಕು. ಹರಿದ ಬಟ್ಟೆಗಳಿಂದ ನೇಕ್ ಚಂದ್ ಅವರು ಮಾಡಿದ ಆಳೆತ್ತರದ ಗೊಂಬೆಗಳಿಗಾಗಿಯೇ ಒಂದು ಪುಟ್ಟ ವಸ್ತುಸಂಗ್ರಹಾಲಯವೂ ಆವರಣದಲ್ಲಿದೆ. ಅನೇಕರು ದಾಟಿಹೋಗುವ ಅದನ್ನು ನೀವು ದಾಟಿಹೋಗಬೇಡಿ.

ಇನ್ನು ಕುಂದುಕೊರತೆ. ಮಾಹಿತಿ ಫಲಕಗಳು ತೀರಾ ಕಡಿಮೆ; ಯಾವ ಶಿಲ್ಪಕ್ಕೆ ಏನು ಬಳಸಿದ್ದಾರೆ, ಯಾವ ಕಾಲದ್ದು ಎಂಬುದನ್ನು ತಿಳಿದುಕೊಳ್ಳಬೇಕೆಂದರೆ ಮೊದಲೇ ಓದಿಕೊಂಡು ಹೋಗುವುದೊಂದೇ ಉಪಾಯ. ಓಣಿಗಳು ಕಿರಿದಾದ್ದರಿಂದ ಜನಸಂದಣಿಯ ದಿನ ಹಿಂದಿನವರು ದೂಡುತ್ತಲೇ ಇರುತ್ತಾರೆ, ನಿಂತು ನೋಡುವುದು ಆಗದ ಮಾತು. ತಗ್ಗು ಬಾಗಿಲು, ಮೆಟ್ಟಿಲು, ಏರಿಳಿತದ ನೆಲ ಇವೆಲ್ಲ ಮಂಡಿನೋವಿನ ಹಿರಿಯರಿಗೂ ಗಾಲಿಕುರ್ಚಿಯವರಿಗೂ ಕಷ್ಟ ಕೊಡುತ್ತವೆ. ಉದುರಿದ ಬಳೆಚೂರುಗಳ ವಿಷಯ ಇವೆಲ್ಲಕ್ಕಿಂತ ಗಂಭೀರವಾದದ್ದು. ಸಿಮೆಂಟಿಗೂ ಗಾಜಿಗೂ ಬಿಸಿಲು ಮಳೆಗಳಲ್ಲಿ ಹೊಂದಾಣಿಕೆ ಶಾಶ್ವತವಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಮೇಲಿನ ಗಾರೆ ಬಿರುಕು ಬಿಡುತ್ತದೆ. ಕಸದಿಂದ ಮಾಡಿದ ಶಿಲ್ಪವಲ್ಲವೇ, ಕೆಟ್ಟರೆ ಇನ್ನೊಂದು ಮಾಡಬಹುದು ಎಂಬ ಉದಾಸೀನ ಬಹಳ ಜನರಲ್ಲಿದೆ. 2015ರ ಜೂನ್‌ನಲ್ಲಿ ನೇಕ್ ಚಂದ್ ಅವರು ತೀರಿಕೊಂಡ ಮೇಲೆ ಆ ‘ಇನ್ನೊಂದು’ ಎಂಬುದು ಸಾಧ್ಯವಿಲ್ಲದ ಮಾತು.

ಗಾರ್ಡನ್‌ಗೆ ಕಷ್ಟ ಬಂದದ್ದು ಹವಾಮಾನದಿಂದ ಮಾತ್ರವೂ ಅಲ್ಲ. ಹಿಂದೆ ಇದರ ನಡುವೆ ರಸ್ತೆ ಹಾಯಿಸುವ ಪ್ರಯತ್ನ ನಡೆದಾಗ ಜನರೇ ಸಾಲುಗಟ್ಟಿ ಬುಲ್ಡೋಜರ್‌ಗೆ ಅಡ್ಡ ನಿಂತಿದ್ದರು. 1990ರ ದಶಕದಲ್ಲಿ ನೇಕ್ ಚಂದ್ ಅವರು ವಿದೇಶಕ್ಕೆ ಹೋಗಿದ್ದ ಸಮಯದಲ್ಲಿ ಕಿಡಿಗೇಡಿಗಳು ಅನೇಕ ಶಿಲ್ಪಗಳನ್ನು ಒಡೆದರು. 2025ರಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಅಗಲೀಕರಣ ಮತ್ತು ಪಾರ್ಕಿಂಗ್‌ಗೆಂದು ಹೊರಗೋಡೆಯ ಒಂದು ಭಾಗವನ್ನು ಕೆಡವಿದಾಗಲೂ ನಗರದ ನಾಗರಿಕರು ಪ್ರತಿಭಟಿಸಿದರು. ರಸ್ತೆ ಇನ್ಸ್‌ಪೆಕ್ಟರ್ ಕಟ್ಟಿದ್ದಕ್ಕೆ ರಸ್ತೆಯಿಂದಲೇ ಮತ್ತೆ ಮತ್ತೆ ಕಂಟಕ ಬರುವುದು ವಿಪರ್ಯಾಸ.

ಹೋಗುವವರಿಗೆ ಕೆಲವು ಮಾತು. ಡಿಸೆಂಬರ್ ಮತ್ತು ಜನವರಿಯಲ್ಲಿ ಮಂಜು ಕವಿದು ರೈಲುಗಳು ತಡವಾಗುವುದರಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆ ಹದಗೆಡಬಹುದು. ಮೇ, ಜೂನ್ ತಿಂಗಳ ಬಿಸಿಲಿನಲ್ಲಿ ಸಿಮೆಂಟಿನ ಅಂಗಳಗಳು ಕಾದ ಕಾವಲಿಯಾಗಿರುತ್ತವೆ. ಅಕ್ಟೋಬರ್, ನವೆಂಬರ್ ಅಥವಾ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ, ಅದರಲ್ಲೂ ವಾರದ ನಡುವಿನ ದಿನ. ನಿಲ್ದಾಣದಿಂದ ಆಟೋ ಅಥವಾ ಟ್ಯಾಕ್ಸಿ ಹಿಡಿದು ನೇರ ಸೆಕ್ಟರ್ 1ಕ್ಕೆ ಹೋಗಿ. ಪ್ರವೇಶ ಶುಲ್ಕ ಹೊರೆಯೆನಿಸುವಷ್ಟಿಲ್ಲ. ಮೂರು ಗಂಟೆ ಸಮಯವಿದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎರಡನೆಯ ಹಂತಕ್ಕೆ ಕೊಡಿ, ಏಕೆಂದರೆ ದಾರಿ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಮುಂದೆ ಹೋಗಿ ಮತ್ತೆ ಹಿಂದೆ ಬಂದು ನೋಡುತ್ತೇನೆಂದರೆ ಸುಲಭವಲ್ಲ. ಅಲ್ಲಿಂದ ಸುಖನಾ ಕೆರೆಗೆ ನಡೆದೇ ಹೋಗಬಹುದು. ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದು, ಗೈಡ್ ಜೊತೆಗೆ ಮಾತ್ರ ನೋಡಬೇಕಾದ್ದರಿಂದ ಗುರುತಿನ ಚೀಟಿ ಇಟ್ಟುಕೊಂಡಿರಿ. ಎರಡನ್ನೂ ಒಂದೇ ದಿನ ನೋಡುವುದು ಸಾಧ್ಯ, ಆದರೆ ಸಂಜೆಯ ಶತಾಬ್ದಿ ಹಿಡಿಯಬೇಕಾದವರು ಕೆರೆಯ ದಂಡೆಯನ್ನು ಬಿಡಬೇಕಾದೀತು.

ಬೆಂಗಳೂರು, ಮೈಸೂರಿನವರಿಗೆ ಚಂಡೀಗಢ ದೂರವೆನಿಸಿದರೆ, ಕೇರಳದ ಪಾಲಕ್ಕಾಡಿನ ಬಳಿ ಮಲಂಪುಳ ಅಣೆಕಟ್ಟಿನ ಪಕ್ಕದಲ್ಲಿ ನೇಕ್ ಚಂದ್ ಅವರೇ ರೂಪಿಸಿದ ಇನ್ನೊಂದು ರಾಕ್ ಗಾರ್ಡನ್ ಇದೆ. ಕೊಯಮತ್ತೂರಿನ ಮೂಲಕ ಹೋದರೆ ಹತ್ತಿರ. ಅದು ಇದಕ್ಕಿಂತ ಬಹಳ ಚಿಕ್ಕದು, ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದೇ ಕಟ್ಟಿದ್ದು. ಕೈಚಳಕದ ಪರಿಚಯಕ್ಕೆ ಅದು ಸಾಕು. ಆದರೆ ಆ ತಗ್ಗು ಬಾಗಿಲುಗಳ ಓಣಿಗಾಗಿ ಮತ್ತು ಬಳೆಯ ಲಂಗದ ಹೆಂಗಸರಿಗಾಗಿ ಹೋಗುವುದಾದರೆ ರೈಲಿನ ಟಿಕೆಟ್ಟನ್ನು ಚಂಡೀಗಢಕ್ಕೇ ಮಾಡಿಸಿ.