ಮಳೆಗಾಲದ ಗಾಳಿ ಬೋಟ್ ರಿಪೇರಿ ಕಿಟ್: ಕಾರವಾರದ ಹವೆಗೆ ಯಾವುದು ಬಾಳುತ್ತದೆ, ಯಾವುದು ಬೇಡ

ಮೂರು ಮೀಟರ್ ಆಸುಪಾಸಿನ ಪಿವಿಸಿ ಗಾಳಿ ಬೋಟ್ ಕೊಂಡರೆ ಜೊತೆಗೊಂದು ರಿಪೇರಿ ಪೌಚ್ ಬರುತ್ತದೆ. ಅಂಗೈ ಅಗಲದ ಎರಡು ಮೂರು ಪಿವಿಸಿ ತುಂಡು, ಅಂಟಿನ ಪುಟ್ಟ ಡಬ್ಬಿ, ವಾಲ್ವ್ ಬಿಚ್ಚುವ ಪ್ಲಾಸ್ಟಿಕ್ ಕೀ. ಯಾವ ಕಂಪನಿಯ ಬೋಟಾದರೂ ಸಾಮಾನು ಹೆಚ್ಚುಕಮ್ಮಿ ಇಷ್ಟೇ. ಈ ಪೌಚಿಗೆ ಐದಕ್ಕೆ ಎರಡು ಅಂಕ: ಕೀಗೆ ಒಂದು, ತುಂಡುಗಳಿಗೆ ಒಂದು, ಅಂಟಿಗೆ ಸೊನ್ನೆ.

ಸೊನ್ನೆ ಯಾಕೆಂದರೆ ಅದು ಒಂದೇ ಭಾಗದ ಅಂಟು. ದ್ರಾವಕ ಆರಿದ ಮೇಲೆ ಹಿಡಿಯುತ್ತದೆ ನಿಜ, ಬಿಸಿ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ದೇವಬಾಗದ ಮರಳ ಮೇಲೆ ಬಿಟ್ಟ ಕಡುಬೂದು ಬಣ್ಣದ ಟ್ಯೂಬ್ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಒಳಗಿನ ಗಾಳಿಯ ಒತ್ತಡವೂ ಸುಮ್ಮನಿರುವುದಿಲ್ಲ: 27 ಡಿಗ್ರಿಯಲ್ಲಿ 0.25 ಬಾರ್‌ಗೆ ತುಂಬಿಸಿದ್ದು 47 ಡಿಗ್ರಿಗೆ ಏರಿದರೆ 0.33 ಬಾರ್ ಹತ್ತಿರ ಹೋಗುತ್ತದೆ. ಅಂಟು ಮೆತ್ತಗಾಗುವ ಹೊತ್ತಿಗೇ ಎಳೆತ ಮೂರನೇ ಒಂದರಷ್ಟು ಜಾಸ್ತಿ. ತೇಪೆಯ ಅಂಚು ಏಳುವುದು ಹೀಗೆ.

ಪೌಚಿನ ಅಂಟು ಬೇಡವೆಂದು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅಲ್ಲೂ ಬಲೆಗಳಿವೆ. ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಗಟ್ಟಿಯಾಗಿ ಕೂರುತ್ತದೆ, ಬೋಟ್ ಸುತ್ತಿಟ್ಟ ದಿನವೇ ಬಿರುಕು. ಫೆವಿಕ್ವಿಕ್ ಜಾತಿಯ ಅಂಟೂ ಹಾಗೆಯೇ, ಮಡಿಚಿದರೆ ಪುಡಿ. ಚಪ್ಪಲಿ, ಸೋಫಾಗೆ ಬಳಸುವ ನಿಯೋಪ್ರೀನ್ ಅಂಟು ಮೊದಲ ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಪ್ಲಾಸ್ಟಿಸೈಸರ್ ಅದರೊಳಗೆ ಇಳಿದು ಜಿಗುಟು ಮಾಡಿಬಿಡುತ್ತದೆ. ಸೈಕಲ್ ಪಂಕ್ಚರ್ ಸಲ್ಯೂಷನ್ ರಬ್ಬರಿಗೆ ಮಾತ್ರ.

ಕೊಳ್ಳಬೇಕಾದದ್ದು ಎರಡು ಭಾಗದ ಪಾಲಿಯುರೆಥೇನ್ ಅಂಟು. ಒಂದು ಡಬ್ಬಿ ಅಂಟು, ಒಂದು ಸಣ್ಣ ಬಾಟಲಿ ಐಸೊಸಯನೇಟ್ ಹಾರ್ಡನರ್. ಹಾರ್ಡನರ್ ಬೆರೆತರೆ ಅಂಟಿನೊಳಗೆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ; ಆಮೇಲೆ ಬಿಸಿಲಿಗೆ ಜಗ್ಗುವುದಿಲ್ಲ. ಪಾಲಿಮರೀನ್ ಕಂಪನಿಯದಾದರೆ ಪಿವಿಸಿಗೆ 3026, ಹೈಪಲಾನ್ ಎಂಬ ರಬ್ಬರ್ ಬಟ್ಟೆಯ ಬೋಟಿಗೆ 2990. ಇವೆರಡನ್ನು ಅದಲು ಬದಲು ಮಾಡುವಂತಿಲ್ಲ. ನಿಮ್ಮ ಬೋಟ್ ಯಾವುದೆಂದು ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಬಟ್ಟೆಗೆ ಚೂರು ಎಂಇಕೆ (ಮಿಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕ) ತಾಗಿಸಿ ಉಜ್ಜಿ. ಪಿವಿಸಿಯಾದರೆ ಮೈ ಕೂಡಲೇ ಅಂಟಂಟಾಗುತ್ತದೆ, ಹೈಪಲಾನ್ ಹಾಗಾಗುವುದಿಲ್ಲ. ಹೈಪಲಾನ್ ಹೆಸರಿನ ರಬ್ಬರ್ ತಯಾರಿಕೆಯನ್ನು ಡ್ಯೂಪಾಂಟ್ 2010ರಲ್ಲೇ ನಿಲ್ಲಿಸಿದೆ, ಈಗ ಅದೇ ಜಾತಿಯ ಬಟ್ಟೆ ಸಿಎಸ್‌ಎಂ ಎಂಬ ಹೆಸರಲ್ಲಿ ಬರುತ್ತದೆ. ಗಣೇಶಗುಡಿ ಕಡೆ ಕಾಳಿ ನದಿಯಲ್ಲಿ ಓಡಿಸುವ ರಾಫ್ಟ್ ಆ ಬಟ್ಟೆಯದಾಗಿದ್ದರೆ ಅಂಟು, ದ್ರಾವಕ ಎರಡೂ ಬೇರೆ: ನಿಯೋಪ್ರೀನ್ ಆಧಾರದ ಎರಡು ಭಾಗದ ಅಂಟು, ಒರೆಸಲು ಟೊಲ್ಯೂಯಿನ್.

ಒಂದು ಲೀಟರಿನ ಡಬ್ಬಿ ಲೆಕ್ಕದಲ್ಲಿ ಅಗ್ಗ ಎಂದು ಆಸೆ ಬೀಳಬೇಡಿ. ನಾಲ್ಕಾರು ತೇಪೆಗೆ 250 ಮಿಲಿ ಧಾರಾಳ. ಹಾರ್ಡನರ್ ಗಾಳಿಯ ತೇವವನ್ನು ಹೀರಿಕೊಂಡು ಕೆಡುವ ವಸ್ತು; ಜುಲೈ ತಿಂಗಳಲ್ಲಿ ಮುಚ್ಚಳ ತೆಗೆದ ಬಾಟಲಿ ಮುಂದಿನ ವರ್ಷಕ್ಕೆ ಉಳಿಯಿತು ಎಂದುಕೊಳ್ಳುವುದೇ ಬೇಡ. ಮಸುಕಾಗಿದ್ದರೆ, ಲೋಳೆಯಂತಾಗಿದ್ದರೆ ಎಸೆಯುವುದೇ. ಉರಿಯುವ ಸಾಮಾನಾದ್ದರಿಂದ ಇದು ರಸ್ತೆ ಪಾರ್ಸೆಲ್‌ನಲ್ಲೇ ಬರಬೇಕು. ಘಟ್ಟದಲ್ಲಿ ಗುಡ್ಡ ಕುಸಿಯುವ ದಿನಗಳಿಗೆ ಮುಂಚೆ, ಮೇ ತಿಂಗಳಲ್ಲೇ ಆರ್ಡರ್ ಮಾಡಿಟ್ಟುಕೊಳ್ಳಿ.

ಈಗ ನಮ್ಮೂರಿನ ತೊಂದರೆಗೆ ಬರೋಣ. ಡಬ್ಬಿಗಳ ಮೇಲಿನ ಸೂಚನೆ ಬರೆದವರ ದೇಶದಲ್ಲಿ ಬೋಟ್ ಎತ್ತಿಡುವ ಕಾಲ ಚಳಿಗಾಲ. ಹೀಟರ್ ಹಾಕಿದ ಒಣ ಶೆಡ್ಡಿನಲ್ಲಿ ಅಂಟಿಸಿಕೊಳ್ಳುತ್ತಾರೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ದಡದಲ್ಲಿರುತ್ತವೆ, ಗಾಳಿ ಬೋಟಂತೂ ಗಣೇಶ ಚೌತಿ ಕಳೆಯುವವರೆಗೆ ನೀರು ಕಾಣುವುದಿಲ್ಲ. ಬಿಡುವು ಸಿಗುವ ಆ ತಿಂಗಳುಗಳೇ ಅಂಟಿಗೆ ಶತ್ರು. ಡಬ್ಬಿ ಕೇಳುವುದು ಶೇ 60ರ ಆಸುಪಾಸಿನ ತೇವಾಂಶ. ಕೋಡಿಬಾಗದ ಜುಲೈ ಗಾಳಿಯಲ್ಲಿ ಶೇ 90. ಶಿರಸಿಗೆ ಒಯ್ದರೂ ಲಾಭವಿಲ್ಲ, ಅಲ್ಲಿ ಗೋಡೆಯೇ ಬೆವರುತ್ತದೆ.

ತೇವ ಏನು ಮಾಡುತ್ತದೆ ಎನ್ನುವುದನ್ನು ಅಂಕಿಯಲ್ಲಿ ನೋಡಿ. 27 ಡಿಗ್ರಿ, ಶೇ 90 ತೇವಾಂಶವಿದ್ದಾಗ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 25 ಡಿಗ್ರಿ. ಹಚ್ಚಿದ ಅಂಟಿನಿಂದ ದ್ರಾವಕ ಹಾರುವಾಗ ಮೈ ತಣ್ಣಗಾಗುತ್ತದೆ, ಎರಡು ಡಿಗ್ರಿ ಇಳಿದರೂ ಸಾಕು, ಕಣ್ಣಿಗೆ ಕಾಣದ ನೀರಿನ ಪೊರೆ ಕೂತುಬಿಡುತ್ತದೆ. ಒಮ್ಮೊಮ್ಮೆ ಕಾಣುತ್ತದೆ ಕೂಡ: ತಿಳಿಯಾಗಿರಬೇಕಾದ ಅಂಟಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಬ್ಬು. ಅದು ಕಂಡರೆ ತೇಪೆ ಒತ್ತಬೇಡಿ, ಒರೆಸಿ ಮೊದಲಿಂದ ಶುರು ಮಾಡಿ. ತೇವಾಂಶ ಶೇ 55ಕ್ಕೆ ಇಳಿದರೆ ಇಬ್ಬನಿಯ ಗೆರೆ 17 ಡಿಗ್ರಿಗೆ ಹೋಗುತ್ತದೆ, ಆಗ ಧೈರ್ಯವಾಗಿ ಹಚ್ಚಬಹುದು.

ಹಾಗಾಗಿ ಈ ಪಟ್ಟಿಯಲ್ಲಿ ನಾವು ಐದಕ್ಕೆ ಐದು ಕೊಡುವ ಒಂದೇ ಸಾಮಾನು, ಗೋಡೆಗೆ ನೇತುಹಾಕುವ ಅಗ್ಗದ ಡಿಜಿಟಲ್ ತೇವಾಂಶ ಮಾಪಕ. ಎಸಿ ಇರುವ ಕೋಣೆಯಲ್ಲಿ ಬೋಟ್ ಹರವಿ, ಡ್ರೈ ಮೋಡ್‌ನಲ್ಲಿ ಎರಡು ಮೂರು ಗಂಟೆ ಬಿಟ್ಟು, ಮಾಪಕ 60ಕ್ಕಿಂತ ಕೆಳಗೆ ನಿಂತ ಮೇಲೆ ಕೆಲಸ. ಬೋಟ್ ಪೂರ್ತಿ ಹಿಡಿಯದಿದ್ದರೆ ತೇಪೆ ಬೀಳುವ ಭಾಗ ಒಳಗಿದ್ದರೂ ಆಯಿತು. ಕೋಣೆ ಮುಚ್ಚಿರುವುದರಿಂದ ಎಚ್ಚರ ಇಮ್ಮಡಿ ಬೇಕು: ಎಂಇಕೆ ಆವಿಗೆ ಕಿಡಿ ಸಾಕು. ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ, ಪಕ್ಕದ ಅಡುಗೆಮನೆಯ ಗ್ಯಾಸ್ ಎಲ್ಲ ಆರಿರಬೇಕು. ಎನ್95 ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್, ಬ್ಯೂಟೈಲ್ ರಬ್ಬರ್ ಗ್ಲೌಸ್ ಬೇಕು. ದಮ್ಮು ಇರುವವರು ಹಾರ್ಡನರ್ ಹತ್ತಿರ ಸುಳಿಯಲೇಬಾರದು. ಎಸಿ ಇಲ್ಲದವರು ಮಳೆಗಾಲದಲ್ಲಿ ಉಳಿದ ಕೆಲಸ ಮುಗಿಸಿಕೊಂಡು, ಅಂಟಿಸುವುದನ್ನು ಮಳೆ ಹಿಂದೆ ಸರಿದ ಮೇಲಿನ ಒಣ ಮಧ್ಯಾಹ್ನಗಳಿಗೆ ಬಿಡುವುದೇ ವಾಸಿ.

ತೇಪೆ ಹಾಕುವ ಕ್ರಮ ಹೀಗೆ. ತೂತಿನ ಎಲ್ಲ ಕಡೆಗೂ 5 ಸೆಂಟಿಮೀಟರ್ ಹೆಚ್ಚಿರುವಂತೆ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ. ಬೋಟ್ ಮೇಲೆ ಪೆನ್ಸಿಲ್ಲಿಂದ ಗೆರೆ ಹಾಕಿ, ಬಾಲ್‌ಪೆನ್ ಶಾಯಿ ಪಿವಿಸಿಯೊಳಗೆ ಇಳಿದು ಹರಡುತ್ತದೆ. ಗೆರೆಯ ಹೊರಗೆ ಮಾಸ್ಕಿಂಗ್ ಟೇಪ್. ಬಿಳಿ ಹತ್ತಿ ಬಟ್ಟೆಯಲ್ಲಿ ಎಂಇಕೆ ತೊಯ್ಸಿ ಎರಡೂ ಮೈ ಒರೆಸಿ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ. ಪಿವಿಸಿಗೆ ಮರಳು ಕಾಗದ ಬೇಕೆಂದರೆ ಮೆಲ್ಲಗೆ ಒಂದು ಕೈ, ಒಳಗಿನ ನೂಲು ಕಾಣಬಾರದು. ಹೈಪಲಾನನ್ನು ಮಾತ್ರ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಲೇಬೇಕು.

ಹಾರ್ಡನರ್ ಸಾಮಾನ್ಯವಾಗಿ 100 ಗ್ರಾಂ ಅಂಟಿಗೆ 4ರಿಂದ 5 ಗ್ರಾಂ. ಡಬ್ಬಿ ಬೇರೆ ಹೇಳಿದರೆ ಡಬ್ಬಿಯದೇ ಸರಿ. ಚಿನ್ನ ತೂಗುವ ಮಾದರಿಯ ಸಣ್ಣ ಡಿಜಿಟಲ್ ತಕ್ಕಡಿ ಇಲ್ಲದೆ ಕಣ್ಣಂದಾಜಿನಲ್ಲಿ ಸುರಿದರೆ ಎರಡು ಭಾಗದ ಅಂಟು ಕೊಂಡು ಸುಖವಿಲ್ಲ. ಒಂದು ತೇಪೆಗೆ 20 ಗ್ರಾಂ ಕಲಸಿದರೆ ಹೇರಳ. ಗಾಳಿ ತೆಗೆದು ಬೋಟನ್ನು ಮಟ್ಟಸ ಹಲಗೆಯ ಮೇಲೆ ಹರವಿ, ಎರಡೂ ಮೈಗೆ ತೆಳ್ಳಗೆ ಮೊದಲ ಕೋಟ್. ಅರ್ಧ ಗಂಟೆ ಆರಲಿ. ಎರಡನೇ ಕೋಟ್ ಹಚ್ಚಿ, ಬೆರಳ ಹಿಂಬದಿ ತಾಗಿಸಿದರೆ ಜಿಗುಟು ಅನ್ನಿಸಿದರೂ ಅಂಟು ಬೆರಳಿಗೆ ಬರಬಾರದು, ಆ ಹದಕ್ಕೆ ಕಾಯಿರಿ. ತೇಪೆಯ ಒಂದು ಅಂಚಿನಿಂದ ಉರುಳಿಸುತ್ತ ಕೂರಿಸಿ, ಸಣ್ಣ ರೋಲರ್ ಅಥವಾ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಒತ್ತಿ. ದ್ರಾವಕದ ವಾಸನೆ ಪೂರ್ತಿ ಹೋದ ಮೇಲೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಇನ್ನೊಮ್ಮೆ ಒತ್ತಿದರೆ ಹಿಡಿತ ಗಟ್ಟಿ. 24 ಗಂಟೆ ಅಲುಗಿಸಬೇಡಿ, ಪೂರ್ತಿ ಒತ್ತಡಕ್ಕೆ ವಾರ ಬಿಟ್ಟೇ ತುಂಬಿಸಿ. ಬೆರಳುದ್ದ ಮೀರಿದ ಸೀಳಿಗೆ ಒಳಗಿನಿಂದಲೂ ಒಂದು ತುಂಡು ಬೇಕು.

ಎದ್ದು ಬಂದ ಹಳೆ ತೇಪೆಯನ್ನು ಎಸೆಯುವ ಮುಂಚೆ ತಿರುವಿ ನೋಡಿ, ಏನಾಯಿತೆಂದು ಅದೇ ಹೇಳುತ್ತದೆ. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಮೈ ನುಣ್ಣಗಿದ್ದರೆ ತೇವ ಅಥವಾ ಜಿಡ್ಡು ಕಾರಣ. ಎರಡೂ ಕಡೆ ಹಲಸಿನ ಮೇಣದ ಹಾಗೆ ನೂಲು ನೂಲಾಗಿ ಎಳೆದಿದ್ದರೆ ಹಾರ್ಡನರ್ ಕಮ್ಮಿ ಅಥವಾ ಅದು ಕೆಟ್ಟದ್ದು. ಪಿವಿಸಿಯ ಬಣ್ಣದ ಪದರವೇ ಕಿತ್ತು ಬಿಳಿ ನೂಲು ಕಂಡರೆ ಅಂಟಿನ ತಪ್ಪಿಲ್ಲ, ತೇಪೆ ಚಿಕ್ಕದಾಗಿತ್ತು.

ಟೇರ್-ಏಡ್ ಪಾರದರ್ಶಕ ತೇಪೆಯನ್ನು ಬೋಟ್ ಚೀಲದಲ್ಲಿ ಇಟ್ಟುಕೊಳ್ಳಿ, ಪಿವಿಸಿಗೆ ಟೈಪ್ ಬಿ, ಹೈಪಲಾನಿಗೆ ಟೈಪ್ ಎ. ನದಿ ನಡುವೆ ದಡ ಮುಟ್ಟಲು ಸಾಕು. ಅದನ್ನೇ ಕಾಯಂ ರಿಪೇರಿ ಎಂದು ಬಿಟ್ಟರೆ ಆಮೇಲೆ ಅದರ ಅಂಟನ್ನು ಕೆರೆದು ತೆಗೆಯುವುದು ಬೇರೆ ಗೋಳು.

ತೂತು ಹುಡುಕುವ ಕೆಲಸಕ್ಕೆ ಮಳೆ ಅಡ್ಡಿಯಿಲ್ಲ, ಅದು ಜಗುಲಿಯ ಮೇಲೇ ಆಗುತ್ತದೆ. ಮೊದಲು ಸಿಹಿನೀರಿನಲ್ಲಿ ತೊಳೆದು, ಕೆಲಸದ ಒತ್ತಡಕ್ಕೆ ತುಂಬಿಸಿ, ಬೆಳಿಗ್ಗೆ ಅಳೆದು ಮರುದಿನ ಅದೇ ಹೊತ್ತಿಗೆ ಅಳೆಯಿರಿ. ಮಧ್ಯಾಹ್ನದ ಅಂಕಿಗೂ ಬೆಳಗಿನ ಅಂಕಿಗೂ ತಾಳೆ ಹಾಕಿದರೆ ಇಲ್ಲದ ಸೋರಿಕೆ ಕಾಣುತ್ತದೆ. ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ಪಾತ್ರೆ ಸೋಪು ಕಲಸಿ ವಾಲ್ವಿನಿಂದ ಶುರು ಮಾಡಿ. ಆಮೇಲೆ ಜೋಡಣೆ ಗೆರೆ, ಹುಟ್ಟಿನ ಹಿಡಿಕೆಯ ಬುಡ, ಕೊನೆಗೆ ಅಡಿಭಾಗ. ಅಘನಾಶಿನಿ ಅಳಿವೆಯಲ್ಲಿ, ಕಾಳಿಯ ಸೇತುವೆ ಕಂಬಗಳ ಸುತ್ತ ಓಡಿಸಿದ ಬೋಟಿನ ಅಡಿಯಲ್ಲಿ ಸಿಂಪಿ, ಬಳಚು ಚಿಪ್ಪಿನ ಗೀರು ಇದ್ದೇ ಇರುತ್ತದೆ. ಗೀರೆಲ್ಲ ತೂತಲ್ಲ, ಗುಳ್ಳೆ ಎದ್ದ ಕಡೆ ಮಾತ್ರ ಗುರುತು ಹಾಕಿ. ಬೋಟಿನ ಒಂದೇ ಗಾಳಿಕೋಣೆಗೆ ಗಾಳಿ ತುಂಬಿಸಿದಾಗ ಪಕ್ಕದ ಖಾಲಿ ಗಾಳಿಕೋಣೆಯೂ ತಾನಾಗಿ ಉಬ್ಬಿದರೆ ನಡುಗೋಡೆ ಸೋರುತ್ತಿದೆ ಎಂದರ್ಥ. ಅದು ಮನೆಯಲ್ಲಿ ಆಗುವ ರಿಪೇರಿಯಲ್ಲ.

ಸೋರಿಕೆ ವಾಲ್ವಿನಲ್ಲೇ ಸಿಗುವುದು ತೀರಾ ಸಾಮಾನ್ಯ, ಅದೂ ಮರಳಿನಿಂದ. ಹಾಲ್ಕಿ-ರಾಬರ್ಟ್ಸ್ ಮಾದರಿಯ ಸ್ಪ್ರಿಂಗ್ ವಾಲ್ವಾದರೆ ಪಿನ್ ಒತ್ತಿ ತೆರೆದು ನೀರು ಹಾಯಿಸಿ ತೊಳೆಯಿರಿ. ಬುಡದಲ್ಲಿ ಗುಳ್ಳೆ ಬಂದರೆ ಗಾಳಿ ತೆಗೆದು, ಒಳಗಿನ ನಟ್ಟನ್ನು ಬಟ್ಟೆಯ ಮೇಲಿಂದಲೇ ಹಿಡಿದು, ಪೌಚಿನ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ. ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಚೂರು. ವಾಹನದ ಗ್ರೀಸ್ ಬೇಡ. ಆದರೆ ಸಿಲಿಕೋನ್ ಕೈಗೆ ಹತ್ತಿದ ದಿನ ತೇಪೆಯ ಕೆಲಸ ಇಟ್ಟುಕೊಳ್ಳಬೇಡಿ, ಅದು ತಗುಲಿದ ಕಡೆ ಯಾವ ಅಂಟೂ ನಿಲ್ಲುವುದಿಲ್ಲ. ತೇಪೆ ಮೊದಲು, ವಾಲ್ವ್ ಆಮೇಲೆ.

ಜೊತೆಗೆ ಬರುವ ಕಾಲು ಪಂಪು ಟ್ಯೂಬಿಗೆ ಸಾಕು. 0.7 ಬಾರ್ ಕೇಳುವ ಗಟ್ಟಿ ಗಾಳಿ ನೆಲಕ್ಕೆ ಎರಡೂ ಕಡೆ ಗಾಳಿ ದಬ್ಬುವ ಕೈಪಂಪೇ ಬೇಕು. ಒತ್ತಡ ಮಾಪಕ ಕೊಳ್ಳುವಾಗ ಮುಖ ನೋಡಿ: ಒಂದು ಬಾರ್ ಮೀರಿದ ಡಯಲ್‌ನಲ್ಲಿ 0.2ಕ್ಕೂ 0.25ಕ್ಕೂ ಮುಳ್ಳು ಹಂದುವುದೇ ಕಷ್ಟ, ಟ್ಯೂಬಿಗೆ 0.4 ಬಾರ್‌ನ ಡಯಲ್ ಸಿಕ್ಕರೆ ಅದೇ ಸರಿ.

ಎಂಜಿನ್ ಕಟ್ಟುವ ಹಿಂದಿನ ಹಲಗೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎನ್ನದೆ ಬೊದ್ದು ಸದ್ದು ಬಂದರೆ ಒಳಗೆ ಕೊಳೆತಿದೆ. ಬದಲಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಕೊಂಡು, ಅಂಚು ಮತ್ತು ಪ್ರತಿ ತೂತಿನ ಒಳಮೈಗೆ ಎಪಾಕ್ಸಿ ಕುಡಿಸಿ, 316 ದರ್ಜೆಯ ಸ್ಟೀಲ್ ಬೋಲ್ಟ್ ಹಾಕಿ. 304 ಉಪ್ಪುನೀರಿಗೆ ತುಕ್ಕಿನ ಚುಕ್ಕಿ ಬಿಡುತ್ತದೆ.

ಬೋಟ್ ಸೆಟ್ಟಿನಲ್ಲಿ ಮಾರುವ ಒಂದೂವರೆ ಕಿಲೋದ ಮಡಚುವ ಲಂಗರಿಗೆ ಒಂದು ಅಂಕ. ಕೂರ್ಮಗಡ ದ್ವೀಪದ ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಕಾರವಾರ ಕೊಲ್ಲಿಯ ಮರಳಿನಲ್ಲಿ, ಕೆಸರಿನಲ್ಲಿ ಉಳುತ್ತ ಬರುತ್ತದೆ. ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿ, ಎರಡು ಮೀಟರ್ ಸರಪಳಿ, ಆಳದ ಐದು ಪಟ್ಟು ಹಗ್ಗ. ಬೈತಖೋಲ್, ತದಡಿಯಲ್ಲಿ ಮೀನುಗಾರಿಕೆ ಸಾಮಾನಿನ ಅಂಗಡಿಗೆ ಹೋದಾಗ ನೈಲಾನ್ ಎಂದೇ ಕೇಳಿ, ಒಂದು ತುಂಡು ಬಕೆಟ್ ನೀರಿಗೆ ಹಾಕಿ ನೋಡಿ: ತೇಲಿದರೆ ಪಾಲಿಪ್ರೊಪಿಲೀನ್, ಲಂಗರಿಗೆ ಬೇಡ. ಲೈಫ್ ಜಾಕೆಟ್ಟಿನ ಹೊಲಿಗೆ, ಬಕಲ್ ಎಳೆದು ನೋಡಿ, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಯನ್ನು ಹಿಂದಿನ ಹಲಗೆಯ ಒಳಮೈಗೆ ಬಣ್ಣದಲ್ಲಿ ಬರೆದುಬಿಡಿ.

ಕೊನೆಗೆ ಇಲಿ. ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕಿದ ಬೋಟ್ ಹೆಗ್ಗಣಕ್ಕೆ ಗೂಡು, ಬೂಷ್ಟಿಗೂ ಮನೆ. ಪೂರ್ತಿ ಒಣಗಿಸಿ, ಅರ್ಧ ಗಾಳಿ ತುಂಬಿಸಿ, ಅಟ್ಟದ ತೊಲೆಗೆ ಅಗಲ ಪಟ್ಟಿಯಲ್ಲಿ ತೂಗುಹಾಕಿ. ಟಾಲ್ಕಂ ಪುಡಿ ಹಾಕುವುದಾದರೆ ತೇಪೆ ಕೆಲಸವೆಲ್ಲ ಮುಗಿದ ಮೇಲೆ.