ಕೊರ್ಗ್ ನ್ಯಾನೋಕಂಟ್ರೋಲ್ 2 ಜೊತೆ ರೀಪರ್: ತಗೋಬಹುದು, ಆದ್ರೆ ಸೆಟ್ಟಿಂಗ್ ಗೊತ್ತಿರ್ಲಿ

ತುಮಕೂರಲ್ಲಿ ಮನೆ ರೂಮಲ್ಲೇ ಭಜನೆ, ಜಾನಪದ, ಆಗಾಗ ನಾಟಕದ ಟ್ರ್ಯಾಕು ಮಿಕ್ಸ್ ಮಾಡೋ ನಮ್ಮಂಥೋರದ್ದೆಲ್ಲ ಒಂದೇ ಗೋಳು, ಮೌಸ್ ಹಿಡ್ಕೊಂಡು ಒಂದೊಂದೇ ಫೇಡರ್ (ಸೌಂಡ್ ಏರಿಸಿ ಇಳಿಸೋ ಪಟ್ಟಿ) ಎಳೀತಾ ಕೂರೋದು. ತಬಲಾ ಏರಿಸ್ತಾ ಹಾರ್ಮೋನಿಯಂ ಇಳಿಸ್ಬೇಕು ಅಂದ್ರೆ ಮೌಸಲ್ಲಿ ಆಗಲ್ಲ, ಕೈಯಿಗೆ ಸಿಗೋ ಸ್ಲೈಡರ್ ಬೇಕು. ನಾನು ಮಿಕ್ಸ್ ಮಾಡೋದು ರೀಪರ್ ಅನ್ನೋ ಸಾಫ್ಟ್‌ವೇರಲ್ಲಿ, ಅದಕ್ಕೆ ಯುಎಸ್‌ಬಿಲಿ ಸೇರಿಸೋ ಸ್ಲೈಡರ್ ಕಂಟ್ರೋಲರ್ರೇ ಈ ನ್ಯಾನೋಕಂಟ್ರೋಲ್ 2. ಇಲ್ಲಿ ಕೇಳಿದ ಅಂಗಡೀಲಿ ಇರ್ಲಿಲ್ಲ, ಆನ್‌ಲೈನಲ್ಲಿ ತರಿಸ್ಕೊಂಡೆ.

ಕೀಬೋರ್ಡ್ ಮುಂದೆ ಇಟ್ಕೊಳ್ಳೋಷ್ಟು ತೆಳ್ಳಗಿದೆ. 8 ಸ್ಲೈಡರ್, 8 ನಾಬ್, ಪ್ರತಿ ಸ್ಲೈಡರ್ ಪಕ್ಕ ಎಸ್ (ಸೋಲೋ), ಎಂ (ಮ್ಯೂಟ್), ಆರ್ (ರೆಕಾರ್ಡ್) ಅಂತ ಮೂರು ಬಟನ್, ಎಡಗಡೆ ಪ್ಲೇ ಸ್ಟಾಪ್ ರೆಕಾರ್ಡ್ ಎಲ್ಲ ಇದೆ. ಅಡಾಪ್ಟರ್ ಬೇಡ, ಯುಎಸ್‌ಬಿ ಕರೆಂಟೇ ಸಾಕು. ಪೂರ್ತಿ ಪ್ಲಾಸ್ಟಿಕ್ಕು, ಸ್ಲೈಡರ್ ಗಿಡ್ಡ, ಸ್ಕ್ರೀನಿನ ಫೇಡರ್ ಜೊತೆ ತಾನಾಗೇ ಸರಿಯೋಕೆ ಮೋಟರ್ ಇಲ್ಲ. ಈ ರೇಂಜಿಗೆ ಅದನ್ನ ಕೇಳೋದೂ ತಪ್ಪು ಬಿಡಿ.

ಈಗ ಅಸಲಿ ವಿಷ್ಯ. ಪ್ಲಗ್ ಮಾಡಿದ ತಕ್ಷಣ ರೀಪರಲ್ಲಿ ಏನೂ ಅಲ್ಲಾಡಲ್ಲ, ಡಬ್ಬಾ ಪೀಸು ಅಂತ ರಿಟರ್ನ್ ಹಾಕ್ಬೇಡಿ. ಮೊದ್ಲು ಕೇಬಲ್ ನೋಡಿ. ಇದಕ್ಕೆ ಹಳೇ ಮಿನಿ ಯುಎಸ್‌ಬಿ ಪಿನ್ನು, ಉದ್ದದ ಕೇಬಲ್ ಬೇಕು ಅಂತ ಮೊಬೈಲ್ ಅಂಗಡೀಲಿ ಒಂದು ತಂದೆ, ಲೈಟ್ ಬರುತ್ತೆ ಆದ್ರೆ ಕಂಪ್ಯೂಟರಿಗೆ ಕಾಣಲ್ಲ, ಯಾಕಂದ್ರೆ ಅದು ಬರೀ ಚಾರ್ಜಿಂಗ್ ಕೇಬಲ್ಲು, ಒಳಗೆ ಡೇಟಾ ವೈರೇ ಇಲ್ಲ. ಬಾಕ್ಸಲ್ಲಿ ಬಂದಿದ್ದನ್ನ ಹಾಕಿದೆ, ಸರಿಹೋಯ್ತು.

ಆಮೇಲೆ ಮೋಡು. ಸೆಟ್ ಮತ್ತು ಸೈಕಲ್ ಬಟನ್ ಎರಡೂ ಒತ್ತಿ ಹಿಡ್ಕೊಂಡೇ ಯುಎಸ್‌ಬಿ ಚುಚ್ಚಿದ್ರೆ ಸಿಸಿ ಮೋಡಿಗೆ ಬರುತ್ತೆ, ಅಂದ್ರೆ ಪ್ರತಿ ಸ್ಲೈಡರ್ರು, ಬಟನ್ನು ತನ್ನದೇ ನಂಬರಿನ ಮಿಡಿ (ವಾದ್ಯ, ಕಂಪ್ಯೂಟರ್ ಮಾತಾಡ್ಕೊಳ್ಳೋ ಭಾಷೆ) ಮೆಸೇಜು ಕಳಿಸುತ್ತೆ. ಕ್ಯೂಬೇಸ್, ಪ್ರೋ ಟೂಲ್ಸ್, ಲೈವ್ ಅನ್ನೋ ಬೇರೆ ಮಿಕ್ಸಿಂಗ್ ಸಾಫ್ಟ್‌ವೇರಿಗೆಲ್ಲ ಬೇರೆ ಬೇರೆ ಬಟನ್ ಜೋಡಿ ಇವೆ, ಮ್ಯಾನ್ಯುಯಲಲ್ಲಿ ಬರೆದಿದ್ದಾರೆ. ರೀಪರ್ ಪ್ರಿಫರೆನ್ಸಸಲ್ಲಿ ಮಿಡಿ ಡಿವೈಸ್ ಮೇಲೆ ರೈಟ್ ಕ್ಲಿಕ್ ಮಾಡಿ ಕಂಟ್ರೋಲ್ ಮೆಸೇಜ್ ಆನ್ ಮಾಡ್ಲೇಬೇಕು, ಅದಿಲ್ದೆ ಮಿಡಿ ಲರ್ನ್ (ಯಾವ ಸ್ಲೈಡರ್ ಯಾವ ಫೇಡರಿಗೆ ಅಂತ ರೀಪರಿಗೆ ಕಲಿಸೋದು) ಕೆಲ್ಸ ಮಾಡಲ್ಲ.

ಇಷ್ಟಾದ್ಮೇಲೂ ತಲೆ ತಿಂದಿದ್ದು ಇನ್ನೊಂದಿದೆ. ನಮ್ ಕೀಬೋರ್ಡ್ ನುಡಿಸೋ ಹುಡುಗ ಹಾರ್ಮೋನಿಯಂ ವಿಎಸ್‌ಟಿ (ಸಾಫ್ಟ್‌ವೇರ್ ವಾದ್ಯ) ಹಾಕ್ಕೊಂಡು ನುಡಿಸ್ತಿದ್ದ, ನಾನು ಕೊನೇ ಸ್ಲೈಡರಲ್ಲಿ ಕೋರಸ್ ಇಳಿಸ್ತಿದ್ದೆ. "ಅಣ್ಣಾ, ನನ್ ಸೌಂಡ್ ಯಾಕ್ ಕಮ್ಮಿ ಮಾಡ್ತಿದೀರಾ?" ಅಂದ. "ನಿಂದು ಮುಟ್ಟೇ ಇಲ್ಲ ಕಣೋ" ಅಂದೆ, ಸ್ಕ್ರೀನಲ್ಲೂ ಅವನ ಫೇಡರ್ ಇದ್ದಲ್ಲೇ ಇದೆ, ಆದ್ರೂ ಹಾರ್ಮೋನಿಯಂ ಹೋಗ್ತಾನೇ ಇದೆ. ಮಿಡಿ-ಆಕ್ಸ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಯಾವ ಬಟನ್ ಯಾವ ನಂಬರ್ ಕಳಿಸುತ್ತೆ ಅಂತ ತೋರ್ಸುತ್ತೆ, ಅದ್ರಲ್ಲಿ ನೋಡಿದ್ರೆ ಗುಟ್ಟು ರಟ್ಟು. ಸಿಸಿ ಮೋಡಲ್ಲಿ ಈ 8 ಸ್ಲೈಡರ್ ಕಳಿಸೋದು ಸಿಸಿ 0 ಇಂದ 7. ಮಿಡಿ ಲೆಕ್ಕದಲ್ಲಿ ಸಿಸಿ 7 ಅಂದ್ರೆ ವಾಲ್ಯೂಮು, ಸಿಸಿ 1 ಅಂದ್ರೆ ಮಾಡ್ಯುಲೇಶನ್. ಅಂದ್ರೆ ಎಂಟನೇ ಸ್ಲೈಡರ್ ಎಳೆದ್ರೆ ವಾದ್ಯದ ಸೌಂಡ್ ಹೋಗುತ್ತೆ, ಎರಡನೇದು ಎಳೆದ್ರೆ ಎಷ್ಟೋ ವಾದ್ಯದ ಸೌಂಡಲ್ಲಿ ಸ್ವರ ನಡುಗುತ್ತೆ. ಇನ್ನೂ ಮಜಾ ಅಂದ್ರೆ ಮೊದಲನೇ ಆರ್ ಬಟನ್ ಕಳಿಸೋದು ಸಿಸಿ 64, ಅದು ಸಸ್ಟೇನ್ ಪೆಡಲ್ ನಂಬರ್ರು! ಟ್ರ್ಯಾಕನ್ನ ರೆಕಾರ್ಡಿಗೆ ರೆಡಿ ಮಾಡೋಕೆ ಹೋದ್ರೆ ಸ್ವರ ನಿಲ್ದೇ ಎಳೀತಾ ಇರುತ್ತೆ. ಇದು ಕಂಟ್ರೋಲರ್ ತಪ್ಪೂ ಅಲ್ಲ ರೀಪರ್ ತಪ್ಪೂ ಅಲ್ಲ, ಟ್ರ್ಯಾಕಿನ ಇನ್‌ಪುಟ್ ಆಲ್ ಮಿಡಿ ಇನ್‌ಪುಟ್ಸ್ ಅಂತಿದ್ರೆ ಎರಡು ಡಿವೈಸಿನ ಮೆಸೇಜೂ ಒಂದೇ ವಾದ್ಯಕ್ಕೆ ಹೋಗಿ ಬೀಳುತ್ತೆ. ಟ್ರ್ಯಾಕ್ ಇನ್‌ಪುಟ್ಟಲ್ಲಿ ಕೀಬೋರ್ಡ್ ಹೆಸ್ರು ಮಾತ್ರ ಆರಿಸಿ, ಮುಗೀತು.

ಮ್ಯೂಟ್ ಬಟನ್ ಎರಡೆರಡು ಸಲ ಒತ್ತಿದ್ರೇ ಕೆಲ್ಸ ಮಾಡ್ತಿದೆಯಾ? ಕೊರ್ಗ್ ಕಂಟ್ರೋಲ್ ಎಡಿಟರ್ ಅನ್ನೋ ಸೆಟ್ಟಿಂಗ್ ಸಾಫ್ಟ್‌ವೇರಲ್ಲಿ ಆ ಬಟನ್ ಟಾಗಲ್ ಅಂತಿರುತ್ತೆ, ಅಂದ್ರೆ ಒಂದು ಸಲ 127 ಇನ್ನೊಂದು ಸಲ 0 ಕಳಿಸುತ್ತೆ, ರೀಪರ್ ಆ ಸೊನ್ನೇನ ಲೆಕ್ಕಕ್ಕೇ ತಗೊಳ್ಳಲ್ಲ. ಮೊಮೆಂಟರಿ (ಒತ್ತಿದಾಗೆಲ್ಲ 127 ಕಳಿಸುತ್ತೆ) ಮಾಡಿ ಡಿವೈಸಿಗೆ ರೈಟ್ ಮಾಡಿ. ಆಮೇಲೆ ಎಡಿಟರ್ ಕ್ಲೋಸ್ ಮಾಡೋದು ಮರೀಬೇಡಿ, ವಿಂಡೋಸಲ್ಲಿ ಒಂದು ಸಾಫ್ಟ್‌ವೇರ್ ಪೋರ್ಟ್ ಹಿಡ್ಕೊಂಡು ಕೂತಿದ್ರೆ ಸುಮಾರು ಸಲ ಇನ್ನೊಂದಕ್ಕೆ ಸಿಗಲ್ಲ, ಮಿಡಿ-ಆಕ್ಸಿಗೂ ಇದೇ ಮಾತು.

ಮ್ಯಾಕಿ ಕಂಟ್ರೋಲ್ (ಸ್ಟುಡಿಯೋ ಮಿಕ್ಸಿಂಗ್ ಕಂಟ್ರೋಲರ್) ಥರ ಓಡಿಸೋ ದಾರೀನೂ ಇದೆ. ಕಂಟ್ರೋಲರನ್ನ ಕ್ಯೂಬೇಸ್ ಮೋಡಿಗೆ ಹಾಕಿ, ರೀಪರಲ್ಲಿ ಕಂಟ್ರೋಲ್ ಸರ್ಫೇಸ್ ಲಿಸ್ಟಲ್ಲಿ ಮ್ಯಾಕಿ ಕಂಟ್ರೋಲ್ ಯೂನಿವರ್ಸಲ್ ಸೇರಿಸಿ, ಇನ್‌ಪುಟ್ ಔಟ್‌ಪುಟ್ ಎರಡೂ ಕೊಡಿ, ಔಟ್‌ಪುಟ್ ಬಿಟ್ರೆ ಬಟನ್ ಲೈಟು ಸ್ಕ್ರೀನ್ ಜೊತೆ ಹೊಂದಲ್ಲ. ಒಂದೊಂದೇ ಲರ್ನ್ ಮಾಡೋ ಕಾಟ ಇಲ್ಲ. ಆದ್ರೆ ಮ್ಯಾಕಿ ಭಾಷೇಲಿ ಫೇಡರ್ ಅಂದ್ರೆ ಪಿಚ್ ಬೆಂಡ್ ಮೆಸೇಜು, ಬಟನ್ ಅಂದ್ರೆ ನೋಟು. ಟ್ರ್ಯಾಕ್ ಇನ್‌ಪುಟ್ ಆಲ್ ಅಂತಲೇ ಬಿಟ್ಟಿದ್ರೆ ಫೇಡರ್ ತಳ್ಳಿದಾಗ ಶ್ರುತಿನೇ ಜಾರುತ್ತೆ.

ನನ್ ಓಟು ಸಿಸಿ ಮೋಡಿಗೇ, ಕಾರಣ ಸಾಫ್ಟ್ ಟೇಕೋವರ್. ಮೋಟರ್ ಇಲ್ದೇ ಇರೋದ್ರಿಂದ ಸ್ಲೈಡರ್ ಕೆಳಗಿರುತ್ತೆ, ಸ್ಕ್ರೀನಲ್ಲಿ ಫೇಡರ್ ಮೇಲಿರುತ್ತೆ, ಮುಟ್ಟಿದ ಕೂಡ್ಲೇ ವಾಲ್ಯೂಮ್ ದಬಕ್ ಅಂತ ಬೀಳುತ್ತೆ. ಮಿಡಿ ಲರ್ನ್ ಮಾಡೋವಾಗ ಸಾಫ್ಟ್ ಟೇಕೋವರ್ ಟಿಕ್ ಮಾಡಿದ್ರೆ ಸ್ಲೈಡರ್ ಆ ಜಾಗಕ್ಕೆ ಬರೋ ತನಕ ರೀಪರ್ ಸುಮ್ನಿರುತ್ತೆ, ಲೈವ್ ಕಾರ್ಯಕ್ರಮಕ್ಕೆ ಇದಿಲ್ದೆ ಹೋಗ್ಲೇಬೇಡಿ. ಸಿಸಿಗೆ ಇರೋದು 128 ಮೆಟ್ಟಿಲು ಮಾತ್ರ, ಉದ್ದದ ಫೇಡ್ ಔಟ್ ನುಣ್ಣಗೆ ಬರಲ್ಲ, ಅದಕ್ಕೆ ನಾನು ಮೌಸಲ್ಲೇ ವಾಲ್ಯೂಮ್ ಗೆರೆ ಎಳೀತೀನಿ.

ದಿನಾ ದುಡಿಯೋ ಸ್ಟುಡಿಯೋ ಆದ್ರೆ ಇದು ಸಾಲಲ್ಲ, ಬೆಹ್ರಿಂಗರ್ ಎಕ್ಸ್-ಟಚ್ ನೋಡಿ, 100 ಎಂಎಂ ಉದ್ದದ 9 ಮೋಟರ್ ಫೇಡರ್ ಇವೆ, ದುಡ್ಡೂ ಹಾಗೇ ಬೇಕು. ಮನೆ ಮಿಕ್ಸಿಂಗಿಗೆ ನ್ಯಾನೋಕಂಟ್ರೋಲ್ ಧಾರಾಳ ಸಾಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಲ್ಯಾಪ್‌ಟಾಪಲ್ಲಿ ಮಿಡಿ-ಆಕ್ಸ್ ಹಾಕ್ಕೊಂಡೇ ಹೋಗಿ, ಪ್ರತಿ ಸ್ಲೈಡರನ್ನೂ ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ತಳ್ಳಿ, 0 ಇಂದ 127 ತನಕ ನಂಬರ್ ಸಾಲಾಗಿ ಬರ್ಬೇಕು, ಮಧ್ಯೆ ಹಿಂದಕ್ಕೂ ಮುಂದಕ್ಕೂ ಜಿಗಿದ್ರೆ ಆ ಸ್ಲೈಡರ್ ಸವೆದಿದೆ ಇಲ್ಲಾ ಧೂಳು ಕೂತಿದೆ, ರೇಟ್ ಇಳಿಸೋಕೆ ಅಷ್ಟು ಸಾಕು.