ದೀಪಕ್ಕೆ ಯಾವುದು: ತಿಮಿಂಗಿಲದ ಎಣ್ಣೆಯೋ, ಸೀಮೆಎಣ್ಣೆಯೋ?

1860ರ ದಶಕದ ಅಮೆರಿಕದಲ್ಲಿದ್ದೀರಿ, ಮನೆ ದೀಪಕ್ಕೆ ಎಣ್ಣೆ ಬೇಕು ಅಂದುಕೊಳ್ಳಿ. ದುಡ್ಡಿನ ಚಿಂತೆ ಇಲ್ಲವೇ? ಸ್ಪರ್ಮ್ ತಿಮಿಂಗಿಲದ ಎಣ್ಣೆ ತಗೊಳ್ಳಿ. ಬೆಳಕು ಚೆನ್ನ, ಹೊಗೆ ಕಡಿಮೆ. ಆದರೆ ತಿಮಿಂಗಿಲ ಬೇಟೆಯ ಬಂದರಾದ ನ್ಯೂ ಬೆಡ್‌ಫರ್ಡ್‌ನಿಂದ ಹೊರಟ ಬೇಟೆ ಹಡಗು ಪೆಸಿಫಿಕ್ ಸುತ್ತಿ ಬರಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ, ಆ ಖರ್ಚೆಲ್ಲ ಕೊನೆಗೆ ನಿಮ್ಮ ಗ್ಯಾಲನ್ ಮೇಲೇ ಬೀಳುತ್ತದೆ ಅಲ್ವಾ? ಬೇರೆ ತಿಮಿಂಗಿಲಗಳ ಎಣ್ಣೆ ಅಗ್ಗ, ಆದರೆ ನಾರುತ್ತದೆ.

ಟರ್ಪೆಂಟೈನ್ ಮತ್ತು ಆಲ್ಕೋಹಾಲ್ ಬೆರೆಸಿದ ದ್ರವವೂ ಇದೆ. ಅಗ್ಗವಾಗಿತ್ತು, ಆದರೆ 1862ರಲ್ಲಿ ಆಲ್ಕೋಹಾಲ್ ಮೇಲೆ ಅಂತರ್ಯುದ್ಧದ ತೆರಿಗೆ ಬಿದ್ದು ದುಬಾರಿಯಾಯಿತು. ಸ್ಫೋಟದ ಭಯ ಬೇರೆ. ಬೇಡ ಬಿಡಿ.

ನನ್ನ ಮತ ಸೀಮೆಎಣ್ಣೆಗೆ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ, ಸುಮಾರು 69 ಅಡಿ ಆಳಕ್ಕೇ ಎಣ್ಣೆ ಸಿಕ್ಕಿತು. ಆಮೇಲೆ ಸೀಮೆಎಣ್ಣೆ ತಯಾರಿಸುವ ಕಚ್ಚಾ ಎಣ್ಣೆ ಎಷ್ಟು ಬಂತೆಂದರೆ ಬೆಲೆಯೇ ಕುಸಿಯಿತು. ಒಂದೇ ಎಚ್ಚರಿಕೆ: ಕಚ್ಚಾ ಎಣ್ಣೆಯಲ್ಲಿರುವ, ಬೇಗ ಹೊತ್ತಿಕೊಳ್ಳುವ ನಾಫ್ತಾವನ್ನು ಸರಿಯಾಗಿ ಬೇರ್ಪಡಿಸದ ಕಳಪೆ ಮಾಲು ಕೊಂಡರೆ ದೀಪ ಸಿಡಿಯಬಹುದು.

ಸೀಮೆಎಣ್ಣೆ ತಿಮಿಂಗಿಲಗಳನ್ನು ಉಳಿಸಿತು ಅನ್ನುವವರನ್ನು ಪೂರ್ತಿ ನಂಬಬೇಡಿ, 20ನೇ ಶತಮಾನದಲ್ಲಿ ಮಾರ್ಗರೀನ್ (ಬೆಣ್ಣೆಯ ಬದಲಿ), ಸಾಬೂನು ಮಾಡಲು ಅಂತ ಇನ್ನೂ ಜಾಸ್ತಿ ಕೊಂದರು. ಸೂಕ್ಷ್ಮ ಯಂತ್ರಗಳಿಗೆ ಹಾಕಲು ಮಾತ್ರ ಆ ಕಾಲದಲ್ಲಿ ಸ್ಪರ್ಮ್ ಎಣ್ಣೆಯೇ ಒಳ್ಳೆಯದಾಗಿತ್ತು.